ಹಾಲ್‌ನಲ್ಲಿ ಪ್ರೊಜೆಕ್ಟರ್ ಕಣ್ಣಿಗೆ ಬೀಳದಂತೆ ಕೂರಿಸೋದು ಹೇಗೆ?

ಪ್ರಶ್ನೆ: ಬೆಂಗಳೂರಿನ ಫ್ಲ್ಯಾಟ್. ಹಾಲ್ 16×11 ಅಡಿ, ಸ್ಲ್ಯಾಬ್ ಎತ್ತರ 9.5 ಅಡಿ, ಪಿಒಪಿ (ಫಾಲ್ಸ್ ಸೀಲಿಂಗ್) 6 ಇಂಚು ಕೆಳಗಿಳಿಯುತ್ತೆ. 11 ಅಡಿ ಅಗಲದ ಗೋಡೆಗೆ 100 ಇಂಚಿನ ಪರದೆ ಬೇಕು. ಸಿನಿಮಾ ನೋಡದಾಗ ಪರದೆಯೂ ಪ್ರೊಜೆಕ್ಟರೂ ಕಾಣಬಾರದು. ಪಿಒಪಿ ಒಳಗೇ ಪ್ರೊಜೆಕ್ಟರ್ ಏರಿಳಿಸುವ ಲಿಫ್ಟ್ ಹಾಕಿ ಮುಚ್ಚಿಬಿಡೋಣ ಅಂತಾರೆ ಕಾರ್ಪೆಂಟರ್. ಆಗುತ್ತಾ ಸರ್?

ಉತ್ತರ (ಎವಿ ಇನ್‌ಸ್ಟಾಲರ್, ಅಂದರೆ ಆಡಿಯೋ-ವಿಡಿಯೋ ಸಾಧನ ಕೂರಿಸುವವರು): ಲಿಫ್ಟ್ ಬಿಡಿ. ಸಾಕಷ್ಟು ಪ್ರೊಜೆಕ್ಟರ್‌ಗಳೇ 5-6 ಇಂಚು ದಪ್ಪ ಇರುತ್ತವೆ. ಅದರ ಮೇಲೆ ಲಿಫ್ಟ್ ಚೌಕಟ್ಟು ಸೇರಿದರೆ 6 ಇಂಚಿನ ಸಂದಿಯಲ್ಲಿ ಕೂರೋದಿಲ್ಲ. ಪರದೆಯನ್ನು ಪಿಒಪಿಯಲ್ಲಿ ಅಡಗಿಸಿ, ಪ್ರೊಜೆಕ್ಟರನ್ನು ಸೋಫಾ ಹಿಂದಿನ ಗೋಡೆಯಲ್ಲಿ ಗೋಡೆ ಬಣ್ಣದ್ದೇ ಪೆಟ್ಟಿಗೆಯಲ್ಲಿ ಇಡಿ.

ಮಾಡೆಲ್ ಆರಿಸುವ ಮೊದಲು ಲೆಕ್ಕ ಹಾಕಿ. 100 ಇಂಚು (ಮೂಲೆಯಿಂದ ಮೂಲೆಗೆ) 16:9 ಪರದೆಯ ಅಗಲ 87 ಇಂಚು, ಎತ್ತರ 49 ಇಂಚು. ಲೆನ್ಸ್‌ನಿಂದ ಪರದೆಗಿರುವ ದೂರವನ್ನು ಅಗಲದಿಂದ ಭಾಗಿಸಿದರೆ ಥ್ರೋ ರೇಶಿಯೋ. ಹಿಂದಿನ ಗೋಡೆಯಿಂದ ನಿಮಗೆ 15 ಅಡಿ ಸಿಗುತ್ತೆ, ಅಂದರೆ 180 ÷ 87 = ಸುಮಾರು 2.07. ಝೂಮ್ ಅಷ್ಟಕ್ಕೆ ತಲುಪಬೇಕು. 1.3ರಿಂದ 1.5 ಮಾತ್ರ ಇರೋದನ್ನು ತಂದರೆ ಅದು 9.5ರಿಂದ 11 ಅಡಿ ದೂರದಲ್ಲೇ ಇರಬೇಕು. ಅಲ್ಲಿ ಫ್ಯಾನ್ ಇರುತ್ತೆ, ಅಡಗಿಸೋ ಜಾಗವೂ ಇಲ್ಲ.

ಲೆನ್ಸ್ 7.5 ಅಡಿಯಲ್ಲಿ, ಚಿತ್ರದ ಮೇಲಂಚು 7 ಅಡಿಯಲ್ಲಿ ಇದ್ದರೆ ಚಿತ್ರದ ಮಧ್ಯಕ್ಕಿಂತ ಲೆನ್ಸ್ ಸುಮಾರು 30 ಇಂಚು ಮೇಲಿರುತ್ತೆ, ಚಿತ್ರದ ಎತ್ತರದ ಶೇ 62. ಅಷ್ಟು ವರ್ಟಿಕಲ್ ಲೆನ್ಸ್ ಶಿಫ್ಟ್ (ಪ್ರೊಜೆಕ್ಟರ್ ಓರೆ ಮಾಡದೆ ಲೆನ್ಸ್ ಸರಿಸಿ ಚಿತ್ರ ಮೇಲೆ-ಕೆಳಗೆ ಮಾಡೋ ಸೌಲಭ್ಯ) ಇರೋದನ್ನೇ ತಗೊಳ್ಳಿ. ಕೀಸ್ಟೋನ್‌ನಲ್ಲಿ (ಓರೆಯಾದ ಚಿತ್ರವನ್ನು ಡಿಜಿಟಲ್ ಆಗಿ ನೇರ ಮಾಡೋದು) ಸರಿಮಾಡೋಣ ಅನ್ನೋದು ಬೇಡ. ಅದು ಪಿಕ್ಸೆಲ್ ತಿಂದು ಚಿತ್ರ ಮಸುಕು ಮಾಡುತ್ತೆ. ಫ್ಯಾನ್ ರೆಕ್ಕೆ 7.75 ಅಡಿಗಿಂತ ಮೇಲಿರಲಿ. ಕೆಳಗಿಳಿದರೆ ಬೆಳಕಿಗೆ ಅಡ್ಡ ಬಂದು ಚಿತ್ರ ಮಿನುಗುತ್ತೆ.

ಪರದೆ ಮೋಟಾರಿನದ್ದು, ಟ್ಯಾಬ್ ಟೆನ್ಶನ್ (ಎರಡೂ ಬದಿಯಿಂದ ಬಟ್ಟೆಯನ್ನು ಬಿಗಿಯಾಗಿ ಎಳೆದಿಡೋ ದಾರ) ಇರಲಿ. ಇಲ್ಲದಿದ್ದರೆ ಬರಬರುತ್ತಾ ಅಂಚು ಒಳಕ್ಕೆ ಸುರುಳಿಕೊಳ್ಳುತ್ತೆ. ಪಿಒಪಿ 9 ಅಡಿಯಲ್ಲಿದೆ, ಚಿತ್ರ 7 ಅಡಿಯಿಂದ ಶುರು. ಹಾಗಾಗಿ ಮೇಲಿನ ಕಪ್ಪು ಪಟ್ಟಿ 24 ಇಂಚು ಎಂದು ಆರ್ಡರ್‌ನಲ್ಲೇ ಬರೆಸಿ. ಇದನ್ನು ಮರೆತರೆ ಇಡೀ ಸಿನಿಮಾ ಕತ್ತೆತ್ತಿ ನೋಡಬೇಕಾಗುತ್ತೆ. ಪರದೆಯ ಕೇಸನ್ನು ಸ್ಲ್ಯಾಬಿಗೆ ಆ್ಯಂಕರ್ ಫಾಸ್ಟನರ್ ಹೊಡೆದು ತೂಗಿ, ಪಿಒಪಿ ಚಾನೆಲ್‌ಗೆ ಬೇಡ. ಮೋಟಾರ್ ಇರೋ ಕಡೆ ಕೈ ಹೋಗುವಷ್ಟು ಮುಚ್ಚಳ ಬಿಡಿ. ರಿಮೋಟ್ ಆರ್‌ಎಫ್ (ರೇಡಿಯೋ ಅಲೆಯದ್ದು) ಆಗಿರಲಿ, ಇನ್‌ಫ್ರಾರೆಡ್ ಪಿಒಪಿ ದಾಟಲ್ಲ.

ಪ್ರಶ್ನೆ: ಪೆಟ್ಟಿಗೆ ಮುಚ್ಚಿದರೆ ಬಿಸಿ ಆಗಲ್ವಾ? ವೈರು?

ಉತ್ತರ (ಎವಿ ಇನ್‌ಸ್ಟಾಲರ್): ಆಗುತ್ತೆ. 300 ವ್ಯಾಟ್ ಪ್ರೊಜೆಕ್ಟರ್ ಅಂದರೆ ಆ ಪೆಟ್ಟಿಗೆಯೊಳಗೆ 300 ವ್ಯಾಟ್‌ನ ಹೀಟರ್. ಮುಂಭಾಗ ಪೂರ್ತಿ ತೆರೆದಿರಲಿ. ಸುತ್ತ ಎಷ್ಟು ಜಾಗ ಬಿಡಬೇಕು ಅಂತ ಮ್ಯಾನ್ಯುಯಲ್‌ನಲ್ಲಿ ಇರುತ್ತೆ. ಗಾಳಿ ಎಳೆಯುವ ಬದಿ, ಬಿಸಿ ಬಿಡುವ ಬದಿ ಎರಡನ್ನೂ ಮೊದಲೇ ನೋಡಿಕೊಳ್ಳಿ. ಬಿಟ್ಟ ಬಿಸಿಗಾಳಿಯೇ ಮತ್ತೆ ಒಳಗೆ ಹೋದರೆ ಫ್ಯಾನ್ ಕಿರುಚಿ, ಅರ್ಧ ಸಿನಿಮಾಕ್ಕೆ ಆಫ್ ಆಗುತ್ತೆ. ಲೆನ್ಸ್ ಮುಂದೆ ಸಾಮಾನ್ಯ ಗಾಜು ಹಾಕಬೇಡಿ, ಗಾಜಿನ ಪ್ರತಿಫಲನದಿಂದ ಮಸುಕಾದ ಎರಡನೇ ಚಿತ್ರ ಬೀಳುತ್ತೆ.

ಟಿವಿ ಯೂನಿಟ್‌ನಿಂದ ಪಿಒಪಿ ಮೂಲಕ ಹಿಂದಿನ ಗೋಡೆಗೆ ದಾರಿಯೇ ಸುಮಾರು 10 ಮೀಟರ್. 15 ಮೀಟರ್ ಆಪ್ಟಿಕಲ್ ಎಚ್‌ಡಿಎಂಐ (ಒಳಗೆ ಫೈಬರ್ ಇರೋ ವಿಡಿಯೋ ಕೇಬಲ್) ತಗೊಳ್ಳಿ. ಇಷ್ಟುದ್ದದ ತಾಮ್ರದ ಕೇಬಲ್‌ನಲ್ಲಿ 4ಕೆ 60 ಹರ್ಟ್ಸ್ ನಂಬೋಕಾಗಲ್ಲ. ಆಪ್ಟಿಕಲ್‌ಗೆ ದಿಕ್ಕಿದೆ: ಸೋರ್ಸ್ ಅಂತ ಬರೆದ ತುದಿ ಪ್ಲೇಯರ್ ಕಡೆ. ಎಲೆಕ್ಟ್ರಿಷಿಯನ್ ಹಾಕುವ 25 ಎಂಎಂ ಪೈಪ್‌ನ ಬೆಂಡಿನಲ್ಲೇ ಎಚ್‌ಡಿಎಂಐ ತಲೆ ಸಿಕ್ಕಿಕೊಳ್ಳುತ್ತೆ. 40 ಎಂಎಂ ಹಾಕಿಸಿ, ಎಲ್ಬೋ ಬೇಡ, ಉದ್ದ ಬೆಂಡ್. ಒಳಗೆ ಎಳೆಯೋ ದಾರ ಬಿಟ್ಟಿರಿ.

ಇನ್ನೊಂದು ಉತ್ತರ (ಇಂಟೀರಿಯರ್ ಡಿಸೈನರ್): ಅಲ್ಟ್ರಾ ಶಾರ್ಟ್ ಥ್ರೋ (ತೀರಾ ಹತ್ತಿರದಿಂದಲೇ ದೊಡ್ಡ ಚಿತ್ರ ಬಿಡುವ ಪ್ರೊಜೆಕ್ಟರ್) ಕೂಡ ಯೋಚಿಸಿ, ಗೋಡೆಯ ಬುಡದಲ್ಲೇ ಕೂರುತ್ತೆ. ಆದರೆ ಗೋಡೆಯಿಂದ ಬಿಡಬೇಕಾದ ಅಂತರವೂ ಸೇರಿ ಟಿವಿ ಯೂನಿಟ್ ಸುಮಾರು 24 ಇಂಚು ಆಳ ಬೇಕಾಗಬಹುದು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ 16 ಇಂಚು ಅಷ್ಟೇ.

ಉತ್ತರ (ಎವಿ ಇನ್‌ಸ್ಟಾಲರ್): ಹೌದು, ಆದರೆ ಇಳಿಬಿಡುವ ಪರದೆ ಜೊತೆ ಅದು ಬೇಡ. ಬೆಳಕು ಕೆಳಗಿಂದ ಓರೆಯಾಗಿ ಬೀಳೋದರಿಂದ ಬಟ್ಟೆಯ ಸಣ್ಣ ಅಲೆಯೂ ಗೆರೆ ಬಾಗಿಸಿ ತೋರಿಸುತ್ತೆ. ಗಟ್ಟಿ ಚೌಕಟ್ಟಿನ ಪರದೆ ಹಾಕಿದರೆ ಅದು ಗೋಡೆ ಮೇಲೆ ಯಾವಾಗಲೂ ಕಾಣುತ್ತೆ, ನಿಮಗೆ ಬೇಡವಾಗಿದ್ದೇ ಅದು. ಪಿಒಪಿ ಮುಚ್ಚುವ ಮೊದಲು ಪೈಪ್, ಪರದೆ ಮೋಟಾರಿಗೆ ಪವರ್ ಪಾಯಿಂಟ್, ಪೆಟ್ಟಿಗೆಯೊಳಗೆ 6 ಆಂಪಿಯರ್ ಸಾಕೆಟ್ ಮೂರೂ ಆಗಿರಲಿ.