ಅಪ್‌ಡೇಟ್: ಅಕ್ಕನ ಮಗಳಿಗೆ 20 ಬೋರ್ ಕೋವಿಯೇ ಸರಿಹೋಯ್ತು

ಈಗಷ್ಟೇ 21 ತುಂಬಿದ, ಸಣ್ಣ ಮೈಕಟ್ಟಿನ ಅಕ್ಕನ ಮಗಳಿಗೆ 12 ಬೋರ್ ಕೊಡಲೋ, 20 ಕೊಡಲೋ, 410 ಕೊಡಲೋ ಅಂತ ಕೇಳಿದ್ದೆ. (ಬೋರ್ ಅಂದ್ರೆ ಕೋವಿ ನಳಿಗೆಯ ಒಳಗಲ; 12 ದೊಡ್ಡದು, 20 ಅದಕ್ಕಿಂತ ಚಿಕ್ಕದು, 410 ಇನ್ನೂ ಚಿಕ್ಕದು.) ಬೇಟೆಗಲ್ಲ, ಅದು ವನ್ಯಜೀವಿ ಕಾಯ್ದೆಯಿಂದ ನಿಂತುಹೋಗಿದೆ. ಕೊಡಗಿನ ಆಯುಧ ಹಬ್ಬ ಕೈಲ್‌ಪೊಳ್ದ್ ಹೊತ್ತಿಗೆ ತೆಂಗಿನಕಾಯಿಗೆ ಗುರಿ ಇಡೋಕೆ.

410 ಬೇಡ ಅಂದವರ ಮಾತು ಕೇಳಿದೆ. ಅದರ ತೋಟೆಯಲ್ಲಿ ಚರೆ (ಸಣ್ಣ ಗುಂಡುಗಳು) ಕಡಿಮೆ, ಗುರಿ ಸ್ವಲ್ಪ ತಪ್ಪಿದರೂ ಕಾಯಿ ಹಾಗೇ ನಗುತ್ತಿರುತ್ತೆ. ಕಲಿಯುವವರಿಗೆ ಬೇಜಾರು, ಅಲ್ವಾ? ಚಿಕ್ಕಪ್ಪನ 20 ಬೋರ್ ಜೋಡು ನಳಿಗೆ ಅವಳ ಕೈಗೆ ಚೆನ್ನಾಗಿ ಒಗ್ಗಿತು. ಆದರೆ ಬೋರ್ ಚಿಕ್ಕದಾದರೆ ಹೊಡೆದಾಗ ಹೆಗಲಿಗೆ ಬೀಳೋ ಒದೆ ಕಡಿಮೆ ಅಂತ ಸುಮ್ನೆ ನಂಬಬೇಡಿ. ಕೋವಿ ತೀರಾ ಹಗುರವಾದರೆ ಅದೂ ಜೋರಾಗಿಯೇ ಒದೆಯುತ್ತೆ. ಕಡಿಮೆ ಚರೆಯ ತೋಟೆ ಹಾಕಿ, ಹೆಗಲಿಗೆ ಒತ್ತುವ ಹಿಂತುದಿಗೆ ರಬ್ಬರ್ ಪ್ಯಾಡ್ ಕೂರಿಸಿದ ಮೇಲೆ ಅವಳು ಕಣ್ಣು ಮುಚ್ಚೋದು ನಿಲ್ಲಿಸಿದಳು.

ನನಗೆ ಜಾಸ್ತಿ ಭಯ ಇದ್ದದ್ದು ಬೇರೆಯದಕ್ಕೆ. ಮನೆಯಲ್ಲಿ 12 ಬೋರೂ ಇದೆ. 20ರ ತೋಟೆ ಅದರ ನಳಿಗೆಯೊಳಗೆ ಜಾರಿ ಮುಂದೆ ಸಿಕ್ಕಿಕೊಳ್ಳುತ್ತೆ. ಗೊತ್ತಾಗದೆ ಹಿಂದೆ 12ರದ್ದು ಹಾಕಿ ಹೊಡೆದರೆ ನಳಿಗೆಯೇ ಸಿಡಿಯುತ್ತೆ. 20ರ ತೋಟೆ ಹಳದಿ ಬಣ್ಣದಲ್ಲಿ ಬರೋದು ಇದಕ್ಕೇ. ಈಗ ಎರಡರ ತೋಟೆಗಳೂ ಬೇರೆ ಬೇರೆ ಬೀರುವಿನಲ್ಲಿವೆ, ಬೀಗ ಹಾಕಿ.

ಸಲಹೆ ಕೊಟ್ಟವರಿಗೆಲ್ಲ ಥ್ಯಾಂಕ್ಸ್.