ಸಹಾಯ ಬೇಕು: ವಿಡಿಯೊ ಪೋಕರ್ ಪೇಟೇಬಲ್ (ಬಹುಮಾನ ಪಟ್ಟಿ) ಲೆಕ್ಕ

ಮಂಗಳೂರಿನ ಡಿಗ್ರಿ ಮಕ್ಕಳ ಸಂಭವನೀಯತೆ ಪಾಠಕ್ಕೆ 'ಜ್ಯಾಕ್ಸ್ ಆರ್ ಬೆಟರ್' (ಯಂತ್ರ ಕೊಟ್ಟ ಐದು ಎಲೆಯಲ್ಲಿ ಬೇಡದ್ದನ್ನು ಒಮ್ಮೆ ಎಸೆದು ಬದಲಿಸುವ ಇಸ್ಪೀಟಾಟ; ಗುಲಾಮ ಅಥವಾ ಮೇಲಿನ ಜೋಡಿಯಿಂದ ಬಹುಮಾನ ಶುರು) ಉದಾಹರಣೆ ತಯಾರಾಗುತ್ತಾ ಉಂಟು. (ಲೆಕ್ಕಕ್ಕೆ ಮಾತ್ರ ಮಾರಾಯ್ರೆ, ದುಡ್ಡು ಕಟ್ಟಲಿಕ್ಕಲ್ಲ.)

ಫುಲ್ ಹೌಸಿಗೆ (ಒಂದೇ ಅಂಕಿಯ ಮೂರು, ಇನ್ನೊಂದರ ಜೋಡಿ) ಕಾಯಿನ್‌ಗೆ 9, ಫ್ಲಷಿಗೆ (ಒಂದೇ ಜಾತಿಯ ಐದು ಎಲೆ) 6 ಕೊಡುವ ಟೇಬಲ್ಲಿನಲ್ಲಿ ತಪ್ಪಿಲ್ಲದೆ ಆಡಿದರೆ ದೀರ್ಘಾವಧಿಯ ವಾಪಸಾತಿ 99.54%. ಅದೇ 8, 5 ಆದರೆ 97.30%. ಇಷ್ಟು ಸರಿ ಬಂದಿದೆ.

ತೊಡಕು ರಾಯಲ್ ಫ್ಲಷಿನದ್ದು (ಒಂದೇ ಜಾತಿಯ ಎಕ್ಕ, ರಾಜ, ರಾಣಿ, ಗುಲಾಮ, 10). 5 ಕಾಯಿನ್ ಹಾಕಿದರೆ ಕಾಯಿನ್‌ಗೆ 800, ಒಂದೇ ಹಾಕಿದರೆ 250. ರಾಯಲ್ ಬರುವುದು ಸುಮಾರು 40,390 ಆಟಕ್ಕೊಮ್ಮೆ. ಹಾಗಾಗಿ ಒಂದೇ ಕಾಯಿನ್ ಹಾಕುವವನಿಗೆ ನೇರ ಕಳೆದರೆ (550/40,390) 1.36% ನಷ್ಟ. ಆದರೆ ಬಹುಮಾನ ಇಳಿದಾಗ ಯಾವ ಎಲೆ ಹಿಡಿಯಬೇಕೆಂಬುದೂ ಬದಲಾಗುತ್ತದೆ, ಆದ್ದರಿಂದ ನಿಜವಾದ ನಷ್ಟ ಅದಕ್ಕಿಂತ ಕಡಿಮೆಯೇ.

ಕೈಯಲ್ಲಿ ಆಟಿನ್ ಎಕ್ಕ, ರಾಜ, ರಾಣಿ, ಗುಲಾಮ, 5 ಇದೆ ಅನ್ನಿ. ಫ್ಲಷ್ ಇಟ್ಟುಕೊಂಡರೆ 6. 5 ಎಸೆದರೆ 800ರ ಲೆಕ್ಕದಲ್ಲಿ (800+42+12+12)/47 = 18.43, 250ರಲ್ಲಿ 6.72 (ಕ್ರಮವಾಗಿ ರಾಯಲ್, ಫ್ಲಷ್, ಸ್ಟ್ರೇಟ್ ಅಂದರೆ ಸಾಲಾಗಿ ಐದು ಎಲೆ, ಜೋಡಿ; 47 ಅಂದರೆ ಉಳಿದ ಎಲೆಗಳು). ಆಗಲೂ ಎಸೆಯುವುದೇ ಲಾಭ! ಹಾಗಾದರೆ ಬದಲಾಗುವ ಕೈಗಳು ಯಾವುವು? ಮೂರು ರಾಯಲ್ ಎಲೆ ಇರುವಲ್ಲಿ ಎಂದು ನನ್ನ ಗುಮಾನಿ.

ಬರಬಹುದಾದ ಎಲ್ಲ 25,98,960 ಕೈಗಳಿಗೂ ಹಿಡಿಯುವ-ಎಸೆಯುವ 32 ಆಯ್ಕೆ ನೋಡುವ ಪ್ರೋಗ್ರಾಂ ಸುರತ್ಕಲ್, ಮಣಿಪಾಲ ಕಡೆಯವರಲ್ಲಿ ಯಾರ ಹತ್ತಿರವಾದರೂ ಉಂಟಾ? ರಾಯಲಿಗೆ 250 ಹಾಕಿ ಓಡಿಸಿ, ಬದಲಾದ ಕೈಗಳ ಪಟ್ಟಿ ಇಲ್ಲೇ ಹಾಕಿ.