ಗಾಯರಾಣ ಉಳಿಸೋ ಗುಂಪಿನ ಮುಂದಾಳತ್ವ ವಹಿಸ್ಕೋಬೇಕೋ ಬ್ಯಾಡೋ? ನಡಸಿದವ್ರು ಹೇಳ್ರಿ

ರಾಮದುರ್ಗ ತಾಲೂಕಿನವ (ಕೇಳಿದವ)
ನಮ್ಮೂರ ಗುಡ್ಡದ ಬುಡಕ 42 ಎಕರೆ ಗಾಯರಾಣ, ಅಂದ್ರ ದನಾ ಕುರಿ ಮೇಯೋ ಊರ ಜಾಗ, ಐತಿ. ಎಂಟು ಮಂದಿ ಕೂಡಿ ನಾಕು ವರ್ಷದಿಂದ ಒಡ್ಡು ಹಾಕೀವಿ, ಬೇವು, ಹೊಂಗಿ, ಬನ್ನಿ ಹಚ್ಚೀವಿ. ಇಷ್ಟು ದಿನ ಮುಂದ ನಿಂತ ಮಾಸ್ತರಿಗೆ ಈಗ ಆರೋಗ್ಯ ಇಲ್ಲ, "ಇನ್ನ ನೀನ ನೋಡ್ಕೋ" ಅಂದಾರ. ನಂದು ಆರು ಎಕರೆ ಒಣಬೇಸಾಯ, ಎರಡು ಸಣ್ಣ ಮಕ್ಕಳು. ಸಂಘ ನೋಂದಣಿ ಆದ್ರ ಮಾತ್ರ ವಹಿಸ್ಕೋ ಅಂತಾಳ ಹೆಂಡ್ತಿ. ನೋಂದಣಿ ಮಾಡಿಸಿದ್ರ ನಾವು ಬಿಡ್ತೀವಿ ಅಂತಾರ ಇಬ್ಬರು. ಏನ್ ಮಾಡ್ಲಿ?

ಇಂಡಿ ಕಡೆಯವ
ನಮ್ಮ ಸಂಘ ನೋಂದಣಿ ಆಗಿ ಒಂಬತ್ತು ವರ್ಷ. ಅದರಾಗ ಏಳು ವರ್ಷ ನಾನ ಅಧ್ಯಕ್ಷ. 1960ರ ಸಂಘಗಳ ಕಾಯ್ದೆಯೊಳಗ ಏಳು ಮಂದಿ ಇದ್ರ ಸಾಕು, ಮಾಡ್ಸೋದು ಕಷ್ಟ ಅಲ್ಲ. ಕಷ್ಟ ಆಮ್ಯಾಲಿಂದು. ವರ್ಷಾ ಆಡಿಟ್‌ಗೆ 6,500. ನಡವಳಿ, ಸದಸ್ಯರ ಪಟ್ಟಿ ಟೈಪ್ ಮಾಡ್ಸಿ ವಿಜಯಪುರಕ್ಕ ಒಯ್ಯಬೇಕು. ಬಸ್ಸು, ಊಟ, ಅವತ್ತು ನನ್ನ ಹೊಲಕ್ಕ ಹಚ್ಚಿದ ಆಳು, ಎಲ್ಲಾ ಹಿಡದು ಒಂದ್ ಸಲಕ್ಕ 900. ಒಂದ ಸಲಕ್ಕ ಎಂದೂ ಕೆಲಸ ಮುಗದಿಲ್ಲ.

2020ರಾಗ ಲಾಕ್‌ಡೌನ್, ಸಭೆ ಮಾಡ್ಲಿಲ್ಲ. ಮುಂದಿನ ವರ್ಷಾನೂ ಬಿಟ್ಟಿವಿ. ಅಷ್ಟರಾಗ 2021ರ ಏಪ್ರಿಲ್‌ನಿಂದ ತೆರಿಗಿ ವಿನಾಯ್ತಿದು ಹಳೇ 12ಎ, 80ಜಿ ನೋಂದಣಿ ಇದ್ದವ್ರೂ ಹೊಸದಾಗಿ ಅರ್ಜಿ ಹಾಕ್ಬೇಕು ಅಂತ ಬಂತು, ಕಂಪನಿ ರೊಕ್ಕ ಬೇಕಂದ್ರ ಸಿಎಸ್‌ಆರ್-1 ಅನ್ನೋ ಫಾರಂ ಬ್ಯಾರೆ. ಒಂದು ಕಂಪನಿಯವ್ರು ನಾಕು ಲಕ್ಷ ಕೊಡ್ತೀವಿ ಅಂದಿದ್ರು. ಹಿಂದಿನ ಬಾಕಿ ಕಾಗದ ಸರಿ ಮಾಡ್ಸೋದ್ರಾಗ ಹನ್ನೊಂದು ತಿಂಗಳು ಹೋತು, ರೊಕ್ಕ ಬ್ಯಾರೆ ಜಿಲ್ಲಾಕ್ಕ ಹೋತು. ನನ್ನ ಕೈಲಿಂದ ಇಲ್ಲೀತನಾ ಹೋಗಿದ್ದು 61,400. ಒಂದೊಂದು ಚೀಟಿ ಇಟ್ಟೀನಿ. ಅಷ್ಟಾದ ಮ್ಯಾಲೂ ತುಂಬಿದ ಸಭೆಯೊಳಗ ನನ್ನ ಕಾಕಾನ ಮಗ ಎದ್ದು ನಿಂತು "ಲೆಕ್ಕ ತೋರ್ಸು" ಅಂದ. ತೋರ್ಸಿದೆ. ಅವನ ಮನಿ ಮೆಟ್ಟಲಾ ಇವತ್ತಿನತನಾ ಹತ್ತಿಲ್ಲ.

ಎರಿ (ಕರಿ ಮಣ್ಣಿನ) ಹೊಲದಾಗ ಹಾಕಿದ 14 ಒಡ್ಡಿನ್ಯಾಗ 9 ಒಡ್ಡು 2022ರ ಮಳಿಗೆ ಒಡದ್ವು. ಅದಕ್ಕೂ ನಾನ ಹೊಣಿ.

ಹುನಗುಂದದ ಒಕ್ಕಲಿಗ
ಎರಿಯೊಳಗ ಇಳಕಲು ಇಲ್ಲದ ಸಮಪಾತಳಿ ಒಡ್ಡು ಹಾಕಿದ್ರ ಒಡೀದ ಇನ್ನೇನಾಗ್ತದ? ಬ್ಯಾಸಗ್ಯಾಗ ಎರಿ ಬಿರಕು ಬಿಡ್ತದ, ಒಡ್ಡೂ ಬಿರಕು ಬಿಡ್ತದ. ದೊಡ್ಡ ಮಳಿ ನೀರು ಅದರಾಗ ಹೊಕ್ಕು ಒಳಗಿಂದನ ಕೊರೀತದ. ಎರಿಗೆ ಸ್ವಲ್ಪ ಇಳಕಲು ಕೊಟ್ಟ ಒಡ್ಡು ಬೇಕು, ನಡುವ ಚೌಕ ಮಡಿ ಮಾಡಿ ಹಿಂಗಾರಿ ಜೋಳ ಬಿತ್ತಬೇಕು. ತಗ್ಗಿನ್ಯಾಗ ನೀರು ಹಾಯಿಸೋ ಕಲ್ಲಿನ ಕಟ್ಟು, ಗುಂಡಾವರ್ತಿ. ಹೆಚ್ಚಾದ ನೀರು ಹೊರಗ, ಮಣ್ಣು ಒಳಗ. ನಮ್ಮ ಮುತ್ಯಾ ಕಟ್ಟಿದ್ದು ಇನ್ನೂ ಅಲ್ಲಾಡಿಲ್ಲ.

ನಾವು ನೋಂದಣಿ ಮಾಡಿಸಿಲ್ಲ, ಮಾಡ್ಸೋದೂ ಇಲ್ಲ. ಇಬ್ಬರ ಹೆಸರಿಲೆ ಒಂದು ಪಾಸ್‌ಬುಕ್ಕು, ಗುಡಿ ಕಟ್ಟಿ ಮ್ಯಾಲ ಕೂತು ಲೆಕ್ಕ ಓದ್ತೀವಿ, ಅಷ್ಟ. ಪಂಚಾಯ್ತಿ ಉದ್ಯೋಗ ಖಾತ್ರಿಯೊಳಗ ಮಣ್ಣಿನ ಕೆಲಸ ಬೇಕಾದಷ್ಟು ಮಾಡಿದ್ವಿ. ಆದ್ರ ಕಲ್ಲು ಅಂದ ಕೂಡ್ಲೆ ಖರ್ಚಿನ್ಯಾಗ ನೂರಕ್ಕ ಕೂಲಿ 60, ಸಾಮಾನು 40 ಅನ್ನೋ ಲೆಕ್ಕ ಮುಂದಿಟ್ಟು ತಡದ್ರು. ಕಡೀಗೆ ನಾವ ಪಟ್ಟಿ ಎತ್ತಿ 23 ಟ್ರ್ಯಾಕ್ಟರ್ ಕಲ್ಲು ತರ್ಸಿದ್ವಿ, ಒಂದಕ್ಕ 1,800. ಮೂರು ಟ್ರ್ಯಾಕ್ಟರ್ ಬರೇ ಪುಡಿಗಲ್ಲು ಬಂತು, ಕೇಳಿದ್ರ ಡ್ರೈವರ್ ಫೋನ್ ಎತ್ತಲಿಲ್ಲ. ಕಟ್ಟೋ ಕೈ ನಮ್ಮವ. ಒಂದು ಕಲ್ಲೂ ಕದಲಿಲ್ಲ.

ಇಂಡಿ ಕಡೆಯವ
ಮುತ್ಯಾನ ಮಾತು ನಮಗೂ ಗೊತ್ತದ. ಮುಂಬೈ ಸರ್ಕಾರ 1942ರಾಗ ಭೂ ಸುಧಾರಣಾ ಯೋಜನೆಗಳ ಕಾಯ್ದೆ ತಂದು ಇದ ನೆಲದಾಗ ಒಡ್ಡು ಹಾಕ್ಸಿತು. ಅದೆಲ್ಲಾ ತಪ್ಪೇನ್?

ಹುನಗುಂದದ ಒಕ್ಕಲಿಗ
ಆಗ ನಮ್ಮದೂ ನಿಮ್ಮದೂ ಒಂದ ಜಿಲ್ಲಾ, ಬಾಗಲಕೋಟಿ ಬ್ಯಾರೆ ಆಗಿದ್ದು 1997ರಾಗ. ಆ ಒಡ್ಡು ಎಷ್ಟು ಉಳದಾವ ಎದ್ದು ಹೋಗಿ ನೋಡ್ರಿ. ಬದು ಬಿಟ್ಟು ಹೊಲದ ನಡುವ ಅಡ್ಡಾದಿಡ್ಡಿ ಹೋಗಿದ್ವು, ಕುಂಟಿ ತಿರುಗ್ತಿರಲಿಲ್ಲ, ಒಬ್ಬನ ನೀರು ಇನ್ನೊಬ್ಬನ ಹೊಲಕ್ಕ. ರೈತರು ತಾವ ರಂಟಿ ಹೊಡದು ಕೆಡವಿದ್ರು.

ಸವದತ್ತಿ ಅಕ್ಕ
ಒಡ್ಡಿನ ಜಗಳ ಆಮ್ಯಾಲೆ ಆಡ್ರಿ. ಅಂವಾ ಕೇಳಿದ್ದು ಗಾಯರಾಣದ ಮಾತು. ನಾವು ಹನ್ನೆರಡು ಹೆಣ್ಮಕ್ಕಳು 18 ಎಕರೆ ನೋಡ್ಕೋತೀವಿ. ಮೊದಲನೇ ವರ್ಷ 600 ಸಸಿ ಹಚ್ಚಿದ್ವಿ, ಕೊಡಾ ಹೊತ್ತು ನೀರು ಹಾಕಿದ್ವಿ, ಒಂದು ಕಿಲೋಮೀಟರ್ ದೂರದ ಬೋರಿನಿಂದ. ಬನಶಂಕರಿ ಜಾತ್ರಿ ಮುಗಿಯೋದ್ರಾಗ 40 ಉಳದಿದ್ವು. ಎಲ್ಲಾ ಕುರಿ ತಿಂದ್ವು. ಸಾಲ ಮಾಡಿ 1,12,000 ಖರ್ಚಿಲೆ ಮುಳ್ಳುತಂತಿ ಬೇಲಿ ಹಾಕ್ಸಿದ್ವಿ. ಆರು ತಿಂಗಳಿಗೆ ಎರಡು ಕಡೆ ತಂತಿ ಕದ್ದೊಯ್ದ್ರು. ಆ ಸಾಲದ ಬಡ್ಡಿ ನಾನು ಹೊಲಿಗಿ ಮಷೀನ್ ತುಳದು ಕಟ್ಟೀನಿ. 2023ರ ಬರಗಾಲದಾಗ ನಮ್ಮ ಬೇಲಿ ಒಳಗ ಮಾತ್ರ ಹುಲ್ಲಿತ್ತು, ಬೈದವರೆಲ್ಲ ಅವತ್ತು ಕುಡುಗೋಲು ಹಿಡಕೊಂಡು ಬಂದ್ರು. ಬೇಲಿ ಇಲ್ಲದ ಮುಂದಾಳತ್ವ ವಹಿಸ್ಕೋಬ್ಯಾಡಪ್ಪಾ ತಮ್ಮಾ.

ಗೋಕಾಕ ಕಡೆ ಕುರಿಯವರ ಮಗ
ಅಕ್ಕಾರ, ಗಾಯರಾಣ ಅಂದ್ರನ ದನಾ ಕುರಿ ಮೇಯೋ ಜಾಗ. 1966ರ ಭೂ ಕಂದಾಯ ನಿಯಮ 97 ಓದ್ರಿ, 100 ದನಕ್ಕ 30 ಎಕರೆ ಬಿಡಬೇಕು ಅಂತೈತಿ. ನಿಮ್ಮ ಬೇಲಿಗೆ ಯಾವ ಕಾಗದ ಐತಿ? ನಮ್ಮಪ್ಪ 140 ಕುರಿ ಹೊಡಕೊಂಡು ವರ್ಷದಾಗ ಎಂಟು ತಿಂಗಳು ಊರಿಂದ ಹೊರಗ ಇರ್ತಾನ. ಪ್ರತಿ ವರ್ಷ ಒಂದು ಗುಡ್ಡ ಬಂದ್, ಒಂದು ಹಳ್ಳ ಬಂದ್. ಹೋದ ವರ್ಷ ಬೇಲಿ ಸುತ್ತಿ ಡಾಂಬರ್ ರಸ್ತೆ ಹಿಡದಾಗ ಲಾರಿಗೆ ಏಳು ಕುರಿ ಸತ್ವು. ಒಂದು ಕುರಿ ಎಷ್ಟಕ್ಕ ಹೋಗ್ತದ ಗೊತ್ತೈತಲ್ಲ? ರೈತರು ಹೊಲದಾಗ ಹಟ್ಟಿ ಹಾಕ್ರಿ, ಗೊಬ್ಬರ ಬೇಕು ಅಂತ ಕರೀತಾರ. ಸುಗ್ಗಿ ಮುಗದ ಮ್ಯಾಲ ಕಳ್ಳರು ಅಂತಾರ.

ಸವದತ್ತಿ ಅಕ್ಕ
ಕಳ್ಳರು ಅಂತ ನಾನು ಎಲ್ಲಿ ಅಂದೆ? ಕುರಿ ತಿಂದ್ವು ಅಂದೆ. ತಿಂದದ್ದು ಖರೇ. 560 ಸಸಿ. ನನ್ನ ಬೆನ್ನು ಇನ್ನೂ ನೋಯ್ತದ.

ಗೋಕಾಕ ಕಡೆ ಕುರಿಯವರ ಮಗ
ಸಸಿ ಹಚ್ಚೋಕಿಂತ ಮೊದಲ ಒಮ್ಮೆರ ಹಟ್ಟಿಗೆ ಬಂದು ಕೇಳಿದ್ರೇನ್?

ಸವದತ್ತಿ ಅಕ್ಕ
ಕೇಳಿರಲಿಲ್ಲ. ಎರಡನೇ ಸಲ ಕೇಳೀವಿ. ಅರ್ಧ ಎರಡು ಮಳಿಗಾಲ ಬಂದ್, ಅರ್ಧ ತೆರದು ಅಂತ ಅವ್ರ ಹಿರ್ಯಾರ ಜೋಡಿ ಮಾತಾತು. ಬಂದ್ ಇದ್ದಲ್ಲಿ ಹುಲ್ಲು ಕೊಯ್ದು ಒಯ್ಯಬಹುದು, ಮೇಸಂಗಿಲ್ಲ. ಅದು ನಡದೈತಿ. ಹೊರಗಿನ ಹಿಂಡು ಬಂದಾಗ ಮಾತ್ರ ಮುರೀತದ, ಆವಾಗ ಊರ ಕುರಿಯವ್ರ ಹೋಗಿ ತಿರುಗಸ್ತಾರ.

ಬಾಗೇವಾಡಿ ಮಾಜಿ ಪಂಚಾಯ್ತಿ ಸದಸ್ಯ
ಬೇಲಿ, ಕುರಿ ಬಿಡ್ರಿ. ಉತಾರದಾಗ (ಪಹಣಿಯೊಳಗ) ಆ 42 ಎಕರೆ ಇನ್ನೂ 42 ಐತೇನು? ನಮ್ಮಲ್ಲಿ 60 ಇದ್ದದ್ದು ಅಳತಿ ಮಾಡ್ಸಿದ್ರ 37. ಉಳದದ್ದು ಸಾಗುವಳಿ ಆಗೈತಿ, ಸಕ್ರಮ ಮಾಡಿಕೊಡ್ರಿ ಅಂತ ಫಾರಂ 57 ಅರ್ಜಿ ಹಾಕ್ಯಾರ. 2011ರಾಗ ಸುಪ್ರೀಂ ಕೋರ್ಟ್ ಜಗಪಾಲ್ ಸಿಂಗ್ ಪ್ರಕರಣದಾಗ ಊರ ಸಾಮಾನ್ಯ ಜಮೀನಿನ ಒತ್ತುವರಿ ತೆರವು ಮಾಡ್ರಿ ಅಂತ ಎಲ್ಲಾ ರಾಜ್ಯಕ್ಕ ಹೇಳೈತಿ. ಆ ತೀರ್ಪು ಹಿಡಕೊಂಡು ಅರ್ಜಿ ಕೊಟ್ಟೆ. ಮುಂದಿನ ಚುನಾವಣೆಯೊಳಗ 31 ಮತದಿಂದ ಸೋತೆ. ಒತ್ತುವರಿ ಮಾಡಿದ ಮನಿ ಎಷ್ಟು ಅಂತ ಎಣಿಸಿದ್ರ ಸೋಲು ಅಲ್ಲೇ ಐತಿ. ಕೊಟ್ಟದ್ದಕ್ಕ ಪಶ್ಚಾತ್ತಾಪ ಇಲ್ಲ.

ಇಂಡಿ ಕಡೆಯವ
ನೋಂದಣಿ ಇಲ್ಲದಿದ್ರ ಆ ಅರ್ಜಿ ಯಾರ ಹೆಸರಿಲೆ ಕೊಡ್ತಾರ? ಹುನಗುಂದದವ್ರು ಹೇಳ್ಲಿ. ಪಾಸ್‌ಬುಕ್ಕಿನ ಇಬ್ಬರಾಗ ಒಬ್ಬ ತೀರ್ಕೊಂಡ್ರ ಆ ರೊಕ್ಕ ಗುಂಪಿಂದೋ ಅವ್ರ ಮಕ್ಕಳದೋ?

ಹುನಗುಂದದ ಒಕ್ಕಲಿಗ
ನಮ್ಮೂರಾಗ ಅಂಥಾ ಮಕ್ಕಳಿಲ್ಲ.

ಇಂಡಿ ಕಡೆಯವ
ನಮ್ಮೂರಾಗೂ ಅಂಥಾ ಕಾಕಾನ ಮಗ ಇರಲಿಲ್ಲ.

ರಾಮದುರ್ಗ ತಾಲೂಕಿನವ (ಕೇಳಿದವ)
ಇವತ್ತು ಮಾಸ್ತರ ಹಂತ್ಯಾಕ ಹೋಗಿ ಪಾಸ್‌ಬುಕ್ಕು ಕೇಳಿದೆ. ಅವ್ರೊಬ್ಬರ ಹೆಸರಿಲೆ ಐತಿ, 8,240 ಉಳದೈತಿ. ಉತಾರ ನಾನು ಇಲ್ಲೀತನಾ ನೋಡೇ ಇಲ್ಲ, ಸೋಮವಾರ ತಗಿಸ್ತೀನಿ. ಅಕ್ಕಾರ, ಹಿರ್ಯಾರ ಜೋಡಿ ಆದ ಮಾತು ಬರದು ಇಟ್ಟೀರೇನು, ಬಾಯಿ ಮಾತೋ?

ಸವದತ್ತಿ ಅಕ್ಕ
ಬಾಯಿ ಮಾತು. ಎಲ್ಲಮ್ಮನ ಭಂಡಾರ ಮುಟ್ಟಿ ಆಡಿದ ಮಾತು.